ಫೋಟೊಶಾಪ್ ಕಲಿಯದೆಯೂ ಕನ್ನಡದಲ್ಲಿ ಪೋಸ್ಟರ್ ಮಾಡುವ ಬಗೆ

ನವೆಂಬರ್ 1 ಹತ್ತಿರ ಬಂತೆಂದರೆ ಊರಿನ ಡಿಟಿಪಿ ಅಂಗಡಿಗಳಲ್ಲಿ ನಿಲ್ಲಲೂ ಜಾಗ ಇರುವುದಿಲ್ಲ. ಸಂಘದ ಆಮಂತ್ರಣ, ಶಾಲೆಯ ಬ್ಯಾನರ್, ಬೇಕರಿಯ ಆಫರ್ ಚೀಟಿ ಎಲ್ಲವೂ ಒಂದೇ ಕಂಪ್ಯೂಟರಿನ ಮುಂದೆ ಸರದಿ ಕಾಯುತ್ತಿರುತ್ತವೆ. ಈ ಸರದಿಯಲ್ಲಿರುವ ಬಹುಪಾಲು ಕೆಲಸಕ್ಕೆ ಫೋಟೊಶಾಪ್, ಕೋರೆಲ್‌ಡ್ರಾದಂಥ ದೊಡ್ಡ ತಂತ್ರಾಂಶ ಬೇಕಾಗಿಯೇ ಇಲ್ಲ. ಬ್ರೌಸರ್‌ನಲ್ಲಿ ತೆರೆದುಕೊಳ್ಳುವ ಕ್ಯಾನ್ವಾ, ಅಡೋಬಿ ಎಕ್ಸ್‌ಪ್ರೆಸ್, ಫೋಟೊಪಿಯಂಥ ವಿನ್ಯಾಸ ಸಾಧನಗಳಲ್ಲಿ ನೀವೇ ಕೂತು ಮಾಡಿಕೊಳ್ಳಬಹುದು.

ತೊಂದರೆ ಏನೆಂದರೆ, ಇವುಗಳ ಬಗ್ಗೆ ಸಿಗುವ ಸಲಹೆಗಳೆಲ್ಲ ಇಂಗ್ಲಿಷಿನಲ್ಲಿ ಪೋಸ್ಟರ್ ಮಾಡುವವರಿಗಾಗಿ ಬರೆದವು. ಕನ್ನಡದಲ್ಲಿ ಮಾಡುವವರ ಪಾಡು ಬೇರೆ. ಟೆಂಪ್ಲೇಟ್, ಅಂದರೆ ಅವರು ಕೊಡುವ ಸಿದ್ಧ ವಿನ್ಯಾಸ, ಎಷ್ಟೇ ಚೆಂದವಿರಲಿ, ಒತ್ತಕ್ಷರ ಒಡೆದರೆ ಅಷ್ಟೂ ಕೆಲಸ ದಂಡ. ಆದ್ದರಿಂದ ಯಾವ ಸಾಧನ ಅನ್ನುವುದನ್ನು ಕನ್ನಡವೇ ತೀರ್ಮಾನಿಸಲಿ ಎಂಬುದು ನನ್ನ ಪಕ್ಷ. ಉದಾಹರಣೆಗೆ ಒಂದು ರಾಜ್ಯೋತ್ಸವದ ಆಮಂತ್ರಣವನ್ನೇ ಇಟ್ಟುಕೊಳ್ಳೋಣ.

ದೊಡ್ಡ ತಂತ್ರಾಂಶ ಯಾವ ಕೆಲಸಕ್ಕೆ ಬೇಕು

ನಮ್ಮ ಎಷ್ಟೋ ಪ್ರೆಸ್ಸುಗಳಲ್ಲಿ ಇವತ್ತಿಗೂ ಪೇಜ್‌ಮೇಕರ್ ಓಡುತ್ತಿದೆ. 1985ರಲ್ಲಿ ಬಂದ, ಪುಟ ಜೋಡಿಸುವ ತಂತ್ರಾಂಶ ಅದು. ಕೊನೆಯ ಆವೃತ್ತಿ 7.0 ಹೊರಬಂದದ್ದು 2001ರಲ್ಲಿ. ಆದರೂ ಬಿಡಲಾಗುತ್ತಿಲ್ಲ, ಯಾಕೆಂದರೆ ನುಡಿ, ಶ್ರೀಲಿಪಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿಟ್ಟ ವರ್ಷಗಟ್ಟಲೆಯ ಮ್ಯಾಟರ್ ಅದರೊಳಗಿದೆ. ಇನ್ನು ಫೋಟೊಶಾಪ್ ತಯಾರಿಸುವ ಅಡೋಬಿ ಕಂಪನಿ 2013ರಿಂದ ತನ್ನ ತಂತ್ರಾಂಶಗಳನ್ನು ಚಂದಾ ಲೆಕ್ಕಕ್ಕೆ ತಂದಿತು. ಒಮ್ಮೆ ಕೊಂಡು ಹತ್ತು ವರ್ಷ ಬಳಸುವ ಕಾಲ ಹೋಯಿತು. ವರ್ಷಕ್ಕೆ ನಾಲ್ಕು ಪೋಸ್ಟರ್ ಮಾಡುವವರು ತಿಂಗಳು ತಿಂಗಳು ಚಂದಾ ಕಟ್ಟುವುದರಲ್ಲಿ ಅರ್ಥವಿಲ್ಲ. ಯಾರೋ ಪೆನ್‌ಡ್ರೈವಿನಲ್ಲಿ ಕೊಟ್ಟ ಕ್ರ್ಯಾಕ್ ಆವೃತ್ತಿ ಹಾಕಿಕೊಂಡರಂತೂ ಜೊತೆಗೆ ವೈರಸ್ಸೂ ಬರುತ್ತದೆ.

ಹಾಗಂತ ಎಲ್ಲವನ್ನೂ ಬ್ರೌಸರ್‌ನಲ್ಲಿ ಮಾಡುತ್ತೇನೆ ಎಂದು ಹೊರಡಬೇಡಿ. ನೂರಿನ್ನೂರು ಪುಟದ ಸ್ಮರಣ ಸಂಚಿಕೆ, ಅಡಿಟಿಪ್ಪಣಿ ಇರುವ ಪುಸ್ತಕ, ಕತ್ತರಿಸಿ ಮಡಚುವ ಡಬ್ಬಿಯ ವಿನ್ಯಾಸ, ಗಾಡಿಗೆ ಅಂಟಿಸುವ ರೇಡಿಯಂ ಕಟಿಂಗ್, ಇವಕ್ಕೆ ಇನ್‌ಡಿಸೈನ್, ಕೋರೆಲ್ ಬಲ್ಲವರೇ ಬೇಕು. ದುಡ್ಡು ಹಾಕದೆ ಆ ಮಟ್ಟದ ಕೆಲಸ ಕಲಿಯಬೇಕೆಂದರೆ ಇಂಕ್‌ಸ್ಕೇಪ್, ಸ್ಕ್ರೈಬಸ್, ಗಿಂಪ್ ಇವೆ. ಒಂದು ಕಾಲಕ್ಕೆ ದುಡ್ಡು ಕೊಟ್ಟು ಕೊಳ್ಳಬೇಕಿದ್ದ ಅಫಿನಿಟಿ ಎಂಬ ವಿನ್ಯಾಸ ತಂತ್ರಾಂಶವನ್ನು 2024ರಲ್ಲಿ ಕ್ಯಾನ್ವಾ ಕಂಪನಿ ಕೊಂಡುಕೊಂಡಿತು. 2025ರ ಅಕ್ಟೋಬರ್‌ನಿಂದ ಅದೂ ಉಚಿತ. ಕಲಿಯಲು ಸಮಯ ಇದ್ದವರಿಗೆ ಒಳ್ಳೆಯ ಅವಕಾಶ.

ನನ್ನ ಅಳತೆಗೋಲು ಇಷ್ಟೇ: ಎಂಟು ಪುಟದೊಳಗಿನ ಕೆಲಸ, ಒಂದೆರಡು ವಾರ ಓಡಾಡಿ ಮರೆಯಾಗುವಂಥದ್ದು, ಹೆಚ್ಚಾಗಿ ಫೋನಿನಲ್ಲೇ ನೋಡುವಂಥದ್ದಾದರೆ ಬ್ರೌಸರ್ ಸಾಕು.

ಹೆಜ್ಜೆ 1: ಮೊದಲು ಒಂದು ಸಾಲು ಕನ್ನಡ ಹಾಕಿ ನೋಡಿ

ಖಾತೆ ತೆರೆದ ಕೂಡಲೇ ಟೆಂಪ್ಲೇಟ್ ಹುಡುಕಬೇಡಿ. ಖಾಲಿ ಹಾಳೆ ತೆಗೆದು ಈ ಸಾಲನ್ನು ನಕಲು ಮಾಡಿ ಅಂಟಿಸಿ:

ಶ್ರೀ ಲಕ್ಷ್ಮೀ ಸ್ವಾತಂತ್ರ್ಯ ರಾಷ್ಟ್ರೀಯ ಕಾರ್ಯಕ್ರಮ ಜ್ಞಾನ ವೈಶಿಷ್ಟ್ಯ ಅರ್ಘ್ಯ ರಾಜ್‌ಕುಮಾರ್

ಈಗ ಒಂದೊಂದೇ ಪದವನ್ನು ದೊಡ್ಡದು ಮಾಡಿ ನೋಡಿ. ‘ಸ್ವಾತಂತ್ರ್ಯ’ದಲ್ಲಿ ತಕಾರದ ಕೆಳಗೆ ರಕಾರ, ಯಕಾರ ಎರಡೂ ಇರಬೇಕು, ಒಂದರ ಮೇಲೊಂದು ಹತ್ತಿರಬಾರದು. ‘ಕಾರ್ಯಕ್ರಮ’ದ ಅರ್ಕಾವೊತ್ತು ಯಕಾರದ ಬಲಕ್ಕೆ ಬಂದು ಕೂರಬೇಕು. ‘ವೈಶಿಷ್ಟ್ಯ’ದ ಗುಡಿಸು ಅದರ ಅಕ್ಷರಕ್ಕೇ ಅಂಟಿಕೊಂಡಿರಬೇಕು. ಕೊನೆಯ ಹೆಸರನ್ನು ವಿಶೇಷವಾಗಿ ಗಮನಿಸಿ. ಅಲ್ಲಿ ಜಕಾರಕ್ಕೂ ಕುಕಾರಕ್ಕೂ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತವಿದೆ. ಅದನ್ನು ನುಂಗಿಹಾಕುವ ಸಾಧನದಲ್ಲಿ ಹೆಸರು ‘ರಾಜ್ಕುಮಾರ್’ ಆಗುತ್ತದೆ. ‘ಎಕ್ಸ್‌ಪ್ರೆಸ್’, ‘ಫೇಸ್‌ಬುಕ್’ ಇವಕ್ಕೂ ಅದೇ ಗತಿ. ನಿಮ್ಮ ಕೀಬೋರ್ಡಿನಲ್ಲಿ ಆ ಸಂಕೇತ ಹಾಕಲು ಬರದಿದ್ದರೆ, ಸರಿಯಾಗಿ ಮೂಡಿರುವ ಹೆಸರನ್ನು ಬೇರೆಡೆಯಿಂದ ನಕಲು ಮಾಡಿಕೊಳ್ಳಿ. ಅತಿಥಿಯ ಹೆಸರು ತಪ್ಪಿದರೆ ಏನಾಗುತ್ತದೆಂದು ಸಂಘ ನಡೆಸಿದವರಿಗೆ ಹೇಳಬೇಕಾಗಿಲ್ಲ.

ಫಾಂಟ್ ಬದಲಿಸಿ ಬದಲಿಸಿ ಇದೇ ಪರೀಕ್ಷೆ ಮಾಡಿ. ಇಂಗ್ಲಿಷ್ ಫಾಂಟಿನ ಹೆಸರು ಆರಿಸಿದರೂ ಕನ್ನಡ ಮೂಡುತ್ತಿದೆ ಎಂದರೆ, ಸಾಧನ ಸದ್ದಿಲ್ಲದೆ ಬೇರೆ ಯಾವುದೋ ಕನ್ನಡ ಫಾಂಟ್ ತಂದು ತುಂಬುತ್ತಿದೆ ಎಂದರ್ಥ. ಆಗ ಹತ್ತು ಫಾಂಟ್ ಬದಲಿಸಿದರೂ ಅಕ್ಷರ ಅದೇ. ಕನ್ನಡಕ್ಕೆಂದೇ ಮಾಡಿದ ಫಾಂಟುಗಳನ್ನು ಹೆಸರು ಹಿಡಿದು ಹುಡುಕಿ. ನೋಟೊ ಸ್ಯಾನ್ಸ್ ಕನ್ನಡ, ನೋಟೊ ಸೆರಿಫ್ ಕನ್ನಡ, ಬಲೂ ತಮ್ಮ, ಅನೇಕ್ ಕನ್ನಡ, ತಿರೊ ಕನ್ನಡ, ಹುಬ್ಬಳ್ಳಿ, ಬೆಣ್ಣೆ, ಅಕಾಯಾ ಕನ್ನಡಕ ಇವೆಲ್ಲ ಗೂಗಲ್ ಫಾಂಟ್ಸ್‌ನಲ್ಲಿ ಉಚಿತ. ಮುದ್ರಣಕ್ಕೂ ವ್ಯಾಪಾರಕ್ಕೂ ಬಳಸಲು ಅಡ್ಡಿಯಿಲ್ಲ. ನನಗೆ ಶೀರ್ಷಿಕೆಗೆ ಬಲೂ ತಮ್ಮ, ಹೆಸರುಗಳಿಗೆ ನೋಟೊ ಸೆರಿಫ್ ಇಷ್ಟ. ಅನೇಕ್ ಕನ್ನಡದ ಅನುಕೂಲ ಬೇರೆಯೇ: ಅದರಲ್ಲಿ ಕಿರಿದಾದ ಅಗಲದಿಂದ ಹಿಗ್ಗಿದ ಅಗಲದವರೆಗೆ ರೂಪಗಳಿವೆ. ‘ಸುವರ್ಣಮಹೋತ್ಸವಾಚರಣೆ’ಯಂಥ ಉದ್ದದ ಪದ ಒಂದು ಸಾಲಿನಲ್ಲಿ ಕೂರಬೇಕಾದಾಗ ಕಿರಿದಾದ ರೂಪ ಕೈಹಿಡಿಯುತ್ತದೆ.

ದುಬಾರಿ ತಂತ್ರಾಂಶದಲ್ಲಿ ಈ ಪರೀಕ್ಷೆ ಬೇಡ ಅಂದುಕೊಳ್ಳಬೇಡಿ. ಫೋಟೊಶಾಪಿನ ಎಷ್ಟೋ ಆವೃತ್ತಿಗಳಲ್ಲಿ ಪ್ರಿಫರೆನ್ಸಸ್‌ಗೆ ಹೋಗಿ, ಟೈಪ್ ವಿಭಾಗದಲ್ಲಿ ದಕ್ಷಿಣ ಏಷ್ಯಾದ ಲಿಪಿಗಳ ಆಯ್ಕೆ ಒತ್ತದಿದ್ದರೆ ಕನ್ನಡ ಒಡೆದು ಚೂರಾಗಿಯೇ ಬರುತ್ತದೆ. ಇನ್‌ಡಿಸೈನಿನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಆರಿಸಬೇಕು. ಈ ವಿಷಯದಲ್ಲಿ ಬ್ರೌಸರ್ ಸಾಧನಗಳೇ ಎಷ್ಟೋ ಮೇಲು.

ಹಳೆಯ ನುಡಿ ಕಡತದಿಂದ ನಕಲು ಮಾಡಿ ಅಂಟಿಸಿದಾಗ ಇಂಗ್ಲಿಷ್ ಅಕ್ಷರಗಳ ನೆತ್ತಿಗೆ ಚುಕ್ಕೆ, ಟೊಪ್ಪಿಗೆ ಇಟ್ಟಂಥ ವಿಚಿತ್ರ ಸಾಲು ಬಂತೆ? ಗಾಬರಿ ಬೇಡ. ಆ ಫಾಂಟುಗಳಲ್ಲಿ ಕನ್ನಡ ಅಕ್ಷರದ ತುಂಡುಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಇಟ್ಟಿರುತ್ತಾರೆ. ಫಾಂಟ್ ಕಳಚಿದರೆ ಒಳಗಿನದು ಹೊರಬೀಳುತ್ತದೆ. ಆಸ್ಕಿ ಅನ್ನುವ ಈ ಹಳೆಯ ಬಗೆಯಿಂದ, ಎಲ್ಲ ಕಡೆ ಓದಬರುವ ಯುನಿಕೋಡಿಗೆ ಬದಲಿಸುವ ಪರಿವರ್ತಕಗಳು ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಬದಲಿಸಿದ ಮೇಲೆ ಅಂಕಿಗಳನ್ನೂ ಅರ್ಕಾವೊತ್ತುಗಳನ್ನೂ ಒಮ್ಮೆ ಕಣ್ಣಾರೆ ನೋಡಿ. ತಪ್ಪು ನುಸುಳುವುದು ಅಲ್ಲೇ.

ಹೆಜ್ಜೆ 2: ಯಾವುದನ್ನು ಆರಿಸಲಿ?

ಪರೀಕ್ಷೆಯಲ್ಲಿ ಪಾಸಾದವುಗಳ ಪೈಕಿ ಕೆಲಸ ನೋಡಿ ಆರಿಸಿ. ಆಮಂತ್ರಣ, ಶುಭಾಶಯ, ಯೂಟ್ಯೂಬ್ ಥಂಬ್‌ನೇಲ್‌ಗೆ ಕ್ಯಾನ್ವಾ ಸುಲಭ. ಉಚಿತ ಖಾತೆಯಲ್ಲೇ ಬಹಳಷ್ಟು ಆಗುತ್ತದೆ. ಫೋಟೊದ ಹಿನ್ನೆಲೆ ತೆಗೆಯುವುದು, ಹಿನ್ನೆಲೆಯಿಲ್ಲದ ಪಿಎನ್‌ಜಿ ಇಳಿಸುವುದು, ನಿಮ್ಮದೇ ಫಾಂಟ್ ಏರಿಸುವುದು, ಒಂದೇ ವಿನ್ಯಾಸವನ್ನು ಬೇರೆ ಬೇರೆ ಅಳತೆಗೆ ಒಮ್ಮೆಗೇ ಬದಲಿಸುವುದು, ಇವೆಲ್ಲ ದುಡ್ಡು ಕೊಟ್ಟವರಿಗೆ. ಕಿರೀಟದ ಗುರುತಿರುವ ಚಿತ್ರ, ಟೆಂಪ್ಲೇಟುಗಳೂ ಹಾಗೆಯೇ. ಶಾಲಾ ಶಿಕ್ಷಕರಿಗೂ ನೋಂದಾಯಿತ ಸೇವಾ ಸಂಸ್ಥೆಗಳಿಗೂ ಕ್ಯಾನ್ವಾದ ಪ್ರತ್ಯೇಕ ಉಚಿತ ಯೋಜನೆಗಳಿವೆ. ದಾಖಲೆ ಕೊಟ್ಟು ಅರ್ಜಿ ಹಾಕಬೇಕು. ಸರ್ಕಾರಿ ಶಾಲೆಯ ಮೇಷ್ಟ್ರುಗಳು ಇದನ್ನು ಬಿಡಬಾರದು.

ಅಡೋಬಿ ಎಕ್ಸ್‌ಪ್ರೆಸ್ ಕೂಡ ಹೆಚ್ಚುಕಡಿಮೆ ಅದೇ ಬಗೆಯದು. ಫೋಟೊಪಿಯ ಜಾತಿಯೇ ಬೇರೆ. ನೋಡಲು ಫೋಟೊಶಾಪಿನಂತೆಯೇ ಇರುತ್ತದೆ. ಡಿಟಿಪಿಯವರು ಕೊಟ್ಟ ಪಿಎಸ್‌ಡಿ (ಫೋಟೊಶಾಪ್) ಕಡತವನ್ನು ತೆರೆಯುತ್ತದೆ, ಅದರ ಲೇಯರ್‌ಗಳೂ, ಅಂದರೆ ಒಂದರ ಮೇಲೊಂದು ಇಟ್ಟ ಪದರಗಳೂ ಬಿಡಿಬಿಡಿಯಾಗಿ ಸಿಗುತ್ತವೆ. ಪಕ್ಕದಲ್ಲಿ ಜಾಹೀರಾತು ಕಾಣುತ್ತದೆ ಅನ್ನುವುದೊಂದು ಕಿರಿಕಿರಿ. ಆದರೆ ನಿಮ್ಮ ಚಿತ್ರ ಆ ಕಂಪನಿಯ ಸರ್ವರ್ ಕಂಪ್ಯೂಟರಿಗೆ ಹೋಗುವುದಿಲ್ಲ, ಎಲ್ಲ ಕೆಲಸ ನಿಮ್ಮ ಯಂತ್ರದಲ್ಲೇ ನಡೆಯುತ್ತದೆ. ಮಕ್ಕಳ ಫೋಟೊ, ಗುರುತಿನ ಚೀಟಿಯಂಥವನ್ನು ತಿದ್ದುವಾಗ ಇದು ದೊಡ್ಡ ಅನುಕೂಲ. ಹಾಗೆಯೇ ಕಂಪ್ಯೂಟರಿನಲ್ಲಿರುವ ಫಾಂಟ್ ಕಡತವನ್ನು ದುಡ್ಡಿಲ್ಲದೆ ಇದರೊಳಕ್ಕೆ ತರಬಹುದು.

ಎರಡು ಸಾಧನ ಕಲಿತರೆ ಸಾಕು: ವಿನ್ಯಾಸಕ್ಕೆ ಒಂದು, ಫೋಟೊ ತಿದ್ದಲು ಒಂದು.

ಹೆಜ್ಜೆ 3: ಮ್ಯಾಟರ್ ಮೊದಲು, ಬಣ್ಣ ಆಮೇಲೆ

ಆಮಂತ್ರಣ ಕೆಡುವುದು ವಿನ್ಯಾಸದಿಂದಲ್ಲ, ಮ್ಯಾಟರ್ ದಿನಕ್ಕೊಮ್ಮೆ ಬದಲಾಗುವುದರಿಂದ. ದಿನಾಂಕ, ವಾರ, ಹೊತ್ತು, ಜಾಗ, ಉದ್ಘಾಟಕರು, ಅಧ್ಯಕ್ಷತೆ, ಮುಖ್ಯ ಅತಿಥಿಗಳು, ಸನ್ಮಾನಿತರು ಎಲ್ಲವನ್ನೂ ಗೂಗಲ್ ಡಾಕ್ಸ್‌ನಲ್ಲೋ ನೋಟ್‌ಪ್ಯಾಡ್‌ನಲ್ಲೋ ಬರೆದು ಸಮಿತಿಯವರಿಂದ ಒಪ್ಪಿಗೆ ಪಡೆಯಿರಿ. ಯಾರ ಹೆಸರು ಯಾರ ಮೇಲೆ ಬರಬೇಕು, ಯಾರ ಫೋಟೊ ಎಷ್ಟು ದೊಡ್ಡದು ಎಂಬ ಜಗಳವೂ ಅಲ್ಲೇ ಮುಗಿಯಲಿ. ತಾರೀಕಿಗೂ ವಾರಕ್ಕೂ ತಾಳೆ ಇದೆಯೇ ಎಂದು ಕ್ಯಾಲೆಂಡರ್ ತೆಗೆದು ನೋಡಿ.

ಹೆಜ್ಜೆ 4: ಅಳತೆ

ವಿನ್ಯಾಸ ಶುರು ಮಾಡುವ ಮೊದಲೇ ಅಳತೆ ಕೊಡಿ. ಆಮೇಲೆ ಹಿಗ್ಗಿಸಿದರೆ ಎಲ್ಲ ಚೆಲ್ಲಾಪಿಲ್ಲಿ. ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ 1080×1920 ಪಿಕ್ಸೆಲ್, ಗುಂಪಿನಲ್ಲಿ ಹಂಚಲು ಮತ್ತು ಇನ್‌ಸ್ಟಾಗ್ರಾಮ್‌ಗೆ 1080×1350, ಯೂಟ್ಯೂಬ್ ಥಂಬ್‌ನೇಲ್‌ಗೆ 1280×720. ಎ4 ಕರಪತ್ರವಾದರೆ ಪಿಕ್ಸೆಲ್ ಬಿಟ್ಟು ಮಿಲಿಮೀಟರಿನಲ್ಲಿ 210×297 ಕೊಡಿ. ವಿಸಿಟಿಂಗ್ ಕಾರ್ಡು 3.5×2 ಇಂಚು.

ಫ್ಲೆಕ್ಸ್‌ಗೆ ಅಡಿ ಲೆಕ್ಕ. 10×6 ಅಡಿಯ ಫ್ಲೆಕ್ಸನ್ನು ಅದೇ ಅಳತೆಯಲ್ಲಿ ಮಾಡಲು ಹೋದರೆ ಬ್ರೌಸರ್ ಉಸಿರುಗಟ್ಟುತ್ತದೆ. ಅದೇ ಅನುಪಾತದಲ್ಲಿ 20×12 ಇಂಚಿಗೆ ಮಾಡಿ ಪಿಡಿಎಫ್ ಕೊಟ್ಟರೆ ಅಂಗಡಿಯವರು ಆರು ಪಟ್ಟು ಹಿಗ್ಗಿಸಿಕೊಳ್ಳುತ್ತಾರೆ. ಅಕ್ಷರಗಳ ಅಂಚು ಮಸುಕಾಗುವುದಿಲ್ಲ. ಫೋಟೊ ಮಾತ್ರ ದೊಡ್ಡದಿರಬೇಕು. ಫ್ಲೆಕ್ಸ್ ಕಟ್ಟುವ ಮೊದಲು ನಿಮ್ಮ ನಗರಸಭೆ, ಪಂಚಾಯಿತಿಯ ಅನುಮತಿ ಕೇಳಿ. 2018ರಲ್ಲಿ ಹೈಕೋರ್ಟಿನ ಆದೇಶದ ಮೇಲೆ ಬೆಂಗಳೂರಿನ ಫ್ಲೆಕ್ಸುಗಳನ್ನೆಲ್ಲ ಕಿತ್ತದ್ದು ನೆನಪಿರಬಹುದು. ಅಂಗಡಿಯ ನಾಮಫಲಕ ಮಾಡಿಸುವವರು ಇನ್ನೊಂದನ್ನು ಲೆಕ್ಕಕ್ಕಿಟ್ಟುಕೊಳ್ಳಬೇಕು: 2024ರ ತಿದ್ದುಪಡಿಯ ಪ್ರಕಾರ ಫಲಕದ ಶೇ 60ರಷ್ಟು ಕನ್ನಡದಲ್ಲಿರಬೇಕು. ಇಂಗ್ಲಿಷ್ ಟೆಂಪ್ಲೇಟಿಗೆ ಕೊನೆಯಲ್ಲಿ ಒಂದು ಸಾಲು ಕನ್ನಡ ಸೇರಿಸಿದರೆ ನಡೆಯುವುದಿಲ್ಲ.

ಹೆಜ್ಜೆ 5: ಟೆಂಪ್ಲೇಟನ್ನು ಕನ್ನಡಕ್ಕೆ ಒಗ್ಗಿಸುವುದು

ಹೆಚ್ಚು ತಾಳ್ಮೆ ಬೇಕಾದ ಹೆಜ್ಜೆ ಇದು. ಟೆಂಪ್ಲೇಟುಗಳನ್ನು ಇಂಗ್ಲಿಷಿನ ದೊಡ್ಡಕ್ಷರಗಳ ಲೆಕ್ಕದಲ್ಲಿ ಮಾಡಿರುತ್ತಾರೆ. ಆ ಅಕ್ಷರಗಳಿಗೆ ಕೆಳಗೆ ಏನೂ ಇಳಿಯುವುದಿಲ್ಲ. ನಮ್ಮಲ್ಲಿ ಮೇಲೆ ತಲೆಕಟ್ಟು, ಗುಡಿಸು, ಕೆಳಗೆ ಒಂದೋ ಎರಡೋ ಒತ್ತು. ಹಾಗಾಗಿ ಮೊದಲು ಮೂರು ಬದಲಾವಣೆ ಮಾಡಿ.

ಅಕ್ಷರಗಳ ನಡುವಿನ ಅಂತರ, ಅಂದರೆ ಲೆಟರ್ ಸ್ಪೇಸಿಂಗ್, ಸೊನ್ನೆಗೆ ತನ್ನಿ. ಟೆಂಪ್ಲೇಟಿನಲ್ಲಿ ಅದು ಸಾಮಾನ್ಯವಾಗಿ ಹೆಚ್ಚಿರುತ್ತದೆ. ಇಂಗ್ಲಿಷಿಗೆ ಅದು ಶೋಭೆ, ಕನ್ನಡದಲ್ಲಿ ಕೊಂಬು, ದೀರ್ಘ, ಅರ್ಕಾವೊತ್ತು ಅಕ್ಷರದಿಂದ ಕಿತ್ತು ದೂರ ನಿಲ್ಲುತ್ತವೆ. ಎರಡನೆಯದು ಸಾಲುಗಳ ಅಂತರ. ಟೆಂಪ್ಲೇಟಿನಲ್ಲಿ 1 ಅಥವಾ 1.2 ಇದ್ದರೆ 1.5ಕ್ಕೆ ಏರಿಸಿ. ಏರಿಸದಿದ್ದರೆ ‘ಕರ್ನಾಟಕ ರಾಜ್ಯೋತ್ಸವ’ದ ಒತ್ತುಗಳು ಕೆಳಗಿನ ಸಾಲಿನ ತಲೆಕಟ್ಟಿಗೆ ಹೋಗಿ ಬಡಿಯುತ್ತವೆ. ಮೂರನೆಯದು, ಬಾಗಿದ ಅಕ್ಷರ. ಕಮಾನಿನಂತೆ ಬರೆಯುವ ಆಸೆ ಎಲ್ಲರಿಗೂ ಇರುತ್ತದೆ; ಬಾಗಿಸಿದಾಗ ಒತ್ತು ಸ್ವಲ್ಪ ಅಲುಗಿದರೂ ಆ ಆಸೆ ಬಿಟ್ಟುಬಿಡಿ.

ಪದಗಳು ಉದ್ದವಾಗಿ ಎರಡು ಸಾಲಿಗೆ ಒಡೆದರೆ ಎಲ್ಲಿ ಒಡೆಯಬೇಕೆಂದು ಸಾಧನಕ್ಕೆ ಗೊತ್ತಾಗುವುದಿಲ್ಲ. ನೀವೇ ಎಂಟರ್ ಒತ್ತಿ, ಅರ್ಥಕ್ಕೆ ಹೊಂದುವಂತೆ ಮುರಿಯಿರಿ: ‘ಎಪ್ಪತ್ತನೆಯ ಕನ್ನಡ / ರಾಜ್ಯೋತ್ಸವ ಸಮಾರಂಭ’ ಅನ್ನುವುದಕ್ಕಿಂತ ‘ಎಪ್ಪತ್ತನೆಯ / ಕನ್ನಡ ರಾಜ್ಯೋತ್ಸವ / ಸಮಾರಂಭ’ ಚೆಂದ. ಹೆಸರುಗಳ ಪಟ್ಟಿಯಲ್ಲಿ ‘ಶ್ರೀ’ ಒಂದು ಸಾಲಿನಲ್ಲಿ, ಹೆಸರು ಇನ್ನೊಂದರಲ್ಲಿ ಉಳಿಯದಂತೆ ನೋಡಿಕೊಳ್ಳಿ. ಒಂದು ಪೋಸ್ಟರಿನಲ್ಲಿ ಎರಡು ಫಾಂಟ್ ಸಾಕು, ಮೂರು ಗಾತ್ರ ಸಾಕು.

ಬಣ್ಣದಲ್ಲಿ ನಮ್ಮ ಅದೃಷ್ಟ ಚೆನ್ನಾಗಿದೆ. ಬಾವುಟದ ಹಳದಿ, ಕೆಂಪು ಎರಡೂ ಮುದ್ರಣದಲ್ಲಿ ನಿಚ್ಚಳವಾಗಿ ಬರುತ್ತವೆ: ಹಳದಿ ಎಂದರೆ ನಾಲ್ಕು ಬಣ್ಣಗಳ ಮುದ್ರಣದಲ್ಲಿ ಹಳದಿಯೊಂದೇ, ಕೆಂಪು ಎಂದರೆ ಮಜೆಂಟಾ ಜೊತೆಗೆ ಹಳದಿ. ತೆರೆಯ ಮೇಲೆ ಮಿಂಚುವ ಗಿಣಿಹಸಿರು, ವಿದ್ಯುತ್ ನೀಲಿ ಮಾತ್ರ ಕಾಗದದ ಮೇಲೆ ಮಂಕಾಗುತ್ತವೆ. ಬಿಳಿಯ ಮೇಲೆ ಹಳದಿ ಅಕ್ಷರ ಯಾವ ತೆರೆಯಲ್ಲೂ ಓದಲಾಗುವುದಿಲ್ಲ.

ಹೆಜ್ಜೆ 6: ಚಿತ್ರಗಳು

ವಾಟ್ಸ್‌ಆ್ಯಪಿನಲ್ಲಿ ಬಂದ ಅತಿಥಿಯ ಫೋಟೊ ಫೋನಿನಲ್ಲಿ ಚೆನ್ನಾಗಿಯೇ ಕಾಣುತ್ತದೆ. ಆದರೆ 1600 ಪಿಕ್ಸೆಲ್ ಅಗಲದ ಫೋಟೊ 300 ಡಿಪಿಐ (ಇಂಚಿಗೆ 300 ಚುಕ್ಕೆ) ಲೆಕ್ಕದಲ್ಲಿ ಐದು ಇಂಚಿಗಿಂತ ತುಸು ಹೆಚ್ಚು ಅಗಲಕ್ಕೆ ಮಾತ್ರ ಸಾಲುತ್ತದೆ. ಕರಪತ್ರಕ್ಕೆ ಧಾರಾಳ, ಫ್ಲೆಕ್ಸಿಗೆ ಸಾಲದು. ಕಳಿಸುವವರಿಗೆ ‘ಡಾಕ್ಯುಮೆಂಟ್ ಮಾಡಿ ಕಳಿಸಿ ಸರ್’ ಎಂದು ಹೇಳಿ. ಆಗ ಗುಣಮಟ್ಟ ಕುಗ್ಗುವುದಿಲ್ಲ.

ಗೂಗಲ್‌ನಲ್ಲಿ ಕಂಡ ಚಿತ್ರವೆಲ್ಲ ಉಚಿತವಲ್ಲ. ವಿಕಿಮೀಡಿಯ ಕಾಮನ್ಸ್‌ನಲ್ಲಿ ಹುಡುಕಿ, ಚಿತ್ರದ ಕೆಳಗಿನ ಪರವಾನಗಿ ಓದಿ, ಕೇಳಿದ್ದರೆ ಛಾಯಾಗ್ರಾಹಕರ ಹೆಸರು ಹಾಕಿ. ಸರ್ಕಾರದ ಲಾಂಛನವನ್ನು ವ್ಯಾಪಾರದ ಉದ್ದೇಶಕ್ಕೆ ಬಳಸುವುದನ್ನು 1950ರ ಕಾಯ್ದೆಯೇ ತಡೆಯುತ್ತದೆ, ಆ ಗಂಡಭೇರುಂಡವನ್ನು ಅಂಗಡಿಯ ಕರಪತ್ರಕ್ಕೆ ತರಬೇಡಿ. ಟೆಂಪ್ಲೇಟಿನ ಚಿತ್ರ ತೆಗೆದು ಲೋಗೊ ಮಾಡಿಕೊಂಡರೆ ಅದನ್ನು ಟ್ರೇಡ್‌ಮಾರ್ಕ್ ಮಾಡಲಾಗದು. ಅದೇ ಚಿತ್ರ ಇನ್ನೆಷ್ಟೋ ಜನರ ಬಳಿಯೂ ಇರುತ್ತದೆ. ಲೋಗೊಗೆ ಒಬ್ಬ ಕಲಾವಿದರಿಗೆ ದುಡ್ಡು ಕೊಡುವುದೇ ವಾಸಿ. ಇನ್ನು ಎಐ ಬರೆದುಕೊಟ್ಟ ಚಿತ್ರದೊಳಗೆ ಕನ್ನಡ ಅಕ್ಷರಗಳಿದ್ದರೆ ಅಕ್ಷರ ಅಕ್ಷರ ಓದಿ ನೋಡಿ. ದೂರದಿಂದ ಕನ್ನಡದಂತೆ ಕಂಡು, ಹತ್ತಿರ ಹೋದರೆ ಯಾವ ಲಿಪಿಯೂ ಅಲ್ಲದ ಗೀಚು ಇರುವುದುಂಟು.

ಹೆಜ್ಜೆ 7: ಇಳಿಸಿಕೊಳ್ಳುವುದು, ಪ್ರೆಸ್ಸಿಗೆ ಕೊಡುವುದು

ಫೋನಿಗೆ ಪಿಎನ್‌ಜಿ, ಪ್ರೆಸ್ಸಿಗೆ ಪಿಡಿಎಫ್. ಕ್ಯಾನ್ವಾದಲ್ಲಿ ‘ಪಿಡಿಎಫ್ ಪ್ರಿಂಟ್’ ಆರಿಸಿ, ಕ್ರಾಪ್ ಮಾರ್ಕ್ (ಎಲ್ಲಿ ಕತ್ತರಿಸಬೇಕೆಂಬ ಗುರುತು) ಮತ್ತು ಬ್ಲೀಡ್ ಗುರುತು ಹಾಕಿ. ಬ್ಲೀಡ್ ಅಂದರೆ ಹಿನ್ನೆಲೆಯ ಬಣ್ಣವನ್ನು ಅಂಚಿನಿಂದ 3 ಮಿಲಿಮೀಟರ್ ಆಚೆಗೂ ಹರಿಸಿರಬೇಕು. ಇಲ್ಲದಿದ್ದರೆ ಕತ್ತರಿಸಿದಾಗ ಬಿಳಿ ಗೆರೆ ಉಳಿಯುತ್ತದೆ. ಸಿಎಂವೈಕೆ, ಅಂದರೆ ಮುದ್ರಣದ ನಾಲ್ಕು ಬಣ್ಣಗಳ ಲೆಕ್ಕದಲ್ಲಿ ಇಳಿಸುವ ಆಯ್ಕೆ ಉಚಿತ ಖಾತೆಗೆ ಇಲ್ಲ. ಡಿಜಿಟಲ್ ಪ್ರಿಂಟಿಗೆ ಅದಿಲ್ಲದೆಯೂ ನಡೆಯುತ್ತದೆ, ಆಫ್‌ಸೆಟ್‌ಗೆ ಕೊಡುವಾಗ ಬಣ್ಣ ಬದಲಿಸಿಕೊಳ್ಳಲು ಅವರಿಗೇ ಹೇಳಿ.

ಇಷ್ಟೆಲ್ಲ ಸರಿ ಮಾಡಿ ಕೊಟ್ಟ ಪಿಡಿಎಫ್ ಅಂಗಡಿಯಲ್ಲಿ ಕೆಡುವುದುಂಟು. ಅಲ್ಲಿ ಹುಡುಗರು ಯಾವುದೇ ಕಡತ ಬರಲಿ ಕೋರೆಲ್‌ಡ್ರಾದಲ್ಲಿ ತೆರೆಯುತ್ತಾರೆ. ತೆರೆಯುವಾಗ ಕೋರೆಲ್ ಒಂದು ಪ್ರಶ್ನೆ ಕೇಳುತ್ತದೆ: ಅಕ್ಷರಗಳನ್ನು ಟೆಕ್ಸ್ಟ್ (ತಿದ್ದಬಲ್ಲ ಬರಹ) ಎಂದು ತರಲೋ, ಕರ್ವ್ಸ್ (ಬರೀ ಗೆರೆಗಳ ಆಕಾರ) ಎಂದು ತರಲೋ? ಟೆಕ್ಸ್ಟ್ ಒತ್ತಿದರೆ ಒತ್ತಕ್ಷರಗಳೆಲ್ಲ ದಿಕ್ಕಾಪಾಲು. ‘ಕರ್ವ್ಸ್ ಅಂತ ತಗೊಳ್ಳಿ ಅಣ್ಣಾ’ ಎಂದು ಪಕ್ಕದಲ್ಲಿ ನಿಂತು ಹೇಳಿ. ಅದೂ ಬೇಡವೆಂದರೆ ಇಳಿಸುವಾಗಲೇ ಪಿಡಿಎಫನ್ನು ಫ್ಲ್ಯಾಟನ್ ಮಾಡಿ ಕೊಡಿ. ಆಗ ಅಕ್ಷರ ಚಿತ್ರವಾಗಿಬಿಡುತ್ತದೆ, ಒಡೆಯುವ ಮಾತೇ ಇಲ್ಲ. ಅದರಲ್ಲಿ ಏನನ್ನೂ ತಿದ್ದಲಾಗುವುದಿಲ್ಲ ಅನ್ನುವುದು ನೆನಪಿರಲಿ. ತಿದ್ದುವುದಿದ್ದರೆ ಮೂಲದಲ್ಲೇ ತಿದ್ದಿ ಮತ್ತೆ ಇಳಿಸಬೇಕು.

ಮುದ್ರಣಕ್ಕೆ ಹೂಂ ಅನ್ನುವ ಮೊದಲು ಒಂದು ಪ್ರತಿ ಕಾಗದದ ಮೇಲೆ ತೆಗೆಸಿ. ತೆರೆಯ ಮೇಲೆ ಹತ್ತು ಸಲ ಓದಿಯೂ ಕಾಣದ ತಪ್ಪು ಕಾಗದದಲ್ಲಿ ಎದ್ದು ಕಾಣುತ್ತದೆ. ಓದುವ ಕೆಲಸವನ್ನು ಮ್ಯಾಟರ್ ಟೈಪ್ ಮಾಡದವರಿಗೆ ಕೊಡಿ. ಫೋನ್ ನಂಬರಿಗೆ ಒಮ್ಮೆ ಕರೆ ಮಾಡಿ, ಕ್ಯೂಆರ್ ಕೋಡ್ ಹಾಕಿದ್ದರೆ ಆ ಕಾಗದದ ಮೇಲೆಯೇ ಸ್ಕ್ಯಾನ್ ಮಾಡಿ ನೋಡಿ.

ಖಾತೆ ಯಾರ ಹೆಸರಲ್ಲಿ?

ಸಂಘದ ಕೆಲಸವಾದರೆ ಸಂಘದ ಹೆಸರಿನಲ್ಲೇ ಒಂದು ಇಮೇಲ್ ಮಾಡಿ ಆ ಖಾತೆಯಲ್ಲಿ ವಿನ್ಯಾಸ ಮಾಡಿ. ಈ ವರ್ಷದ ಕಾರ್ಯದರ್ಶಿಯ ಸ್ವಂತ ಖಾತೆಯಲ್ಲಿದ್ದರೆ ಮುಂದಿನ ವರ್ಷ ಅವರನ್ನು ಹುಡುಕಿಕೊಂಡು ಹೋಗಬೇಕಾಗುತ್ತದೆ. ಇತರರಿಗೆ ಪಾಸ್‌ವರ್ಡ್ ಹಂಚುವ ಬದಲು ತಿದ್ದುವ ಲಿಂಕ್ ಕಳಿಸಿ, ಕೆಲಸ ಮುಗಿದ ಮೇಲೆ ಆ ಲಿಂಕನ್ನು ನೋಡಲು ಮಾತ್ರ ಎಂದು ಬದಲಿಸಿ. ಕೊನೆಯ ಪಿಡಿಎಫ್, ಬಳಸಿದ ಮೂಲ ಫೋಟೊಗಳು, ಯುನಿಕೋಡ್ ಮ್ಯಾಟರ್ ಮೂರನ್ನೂ ಒಂದು ಫೋಲ್ಡರಿನಲ್ಲಿ ವರ್ಷದ ಹೆಸರು ಹಾಕಿ ಕಂಪ್ಯೂಟರಿನಲ್ಲಿ ಇಟ್ಟುಕೊಳ್ಳಿ. ಆನ್‌ಲೈನ್ ಕಂಪನಿ ನಾಳೆ ಉಚಿತ ಯೋಜನೆಯ ನಿಯಮ ಬದಲಿಸಿದರೂ ಮ್ಯಾಟರನ್ನು ಮತ್ತೆ ಟೈಪ್ ಮಾಡುವ ಪ್ರಸಂಗ ಬರುವುದಿಲ್ಲ.